ನೆಲಮಾಳಿಗೆಯ ಬಾಯ್ಲರು: ಮುಂಬಯಿಯ ಆವಿಯುಗದ ಆಕರವೊಂದರ ಗುರುತಿಸುವಿಕೆ

ಮುಂಬಯಿಯ ಕೈಗಾರಿಕಾ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಂಪನಿಗಳ ವರದಿ, ಸರಕಾರಿ ಕಡತ ಹಾಗೂ ಕಾರ್ಮಿಕ ಚಳವಳಿಯ ದಾಖಲೆಗಳನ್ನು ಅವಲಂಬಿಸಿದ್ದಾರೆ. ಆ ಚರಿತ್ರೆಯನ್ನು ನಡೆಸಿದ ಯಂತ್ರಗಳನ್ನೇ ಆಕರವಾಗಿ ಓದುವ ಪ್ರಯತ್ನ ವಿರಳ. ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ತುಕ್ಕು ಹಿಡಿದ ಲೋಹಪಾತ್ರೆಯೊಂದು ಸಿಕ್ಕಾಗ ಅದಕ್ಕೆ ‘ಬಾಯ್ಲರು’ ಎಂದು ಹೆಸರಿಟ್ಟು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿಬಿಡುವುದುಂಟು. ಅದು ಯಾವ ಬಗೆಯದು, ಯಾವ ಕಾಲದ್ದು, ಯಾವ ಕೆಲಸಕ್ಕೆ ಬಳಕೆಯಾಗುತ್ತಿತ್ತು ಎಂಬುದನ್ನು ನಿರ್ಧರಿಸುವ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲ ತೊಡಕು ಹೆಸರಿನದು. ಮರಾಠಿಯ ‘ಬಂಬ’ ಶಬ್ದವು ಪಂಪು ಎಂಬರ್ಥದ ಪೋರ್ಚುಗೀಸ್ ‘ಬೊಂಬ’ದಿಂದ ಬಂದುದು. ಬೆಂಕಿ ಆರಿಸುವ ಬಂಡಿಯೂ ಬಂಬವೇ, ಸ್ನಾನದ ನೀರು ಕಾಯಿಸುವ ತಾಮ್ರದ ಪಾತ್ರೆಯೂ ಬಂಬವೇ. ನಮ್ಮ ಬಚ್ಚಲ ಹಂಡೆಗೆ ಉರಿ ಕೆಳಗಿರುತ್ತದೆ; ಬಂಬಕ್ಕಾದರೋ ಉರಿ ನಡುವಿನ ಕೊಳವೆಯಲ್ಲಿರುತ್ತದೆ. ಆದರೆ ಇವೆರಡರಲ್ಲಿಯೂ ಆವಿಯನ್ನು ಒತ್ತಡದಲ್ಲಿ ಕೂಡಿಹಾಕುವುದಿಲ್ಲ. ಆವಿಯ ಬಾಯ್ಲರು ಮುಚ್ಚಿದ ಪಾತ್ರೆ. ಸುರಕ್ಷತಾ ಕವಾಟ, ಒತ್ತಡಮಾಪಕ, ನೀರಿನ ಮಟ್ಟವನ್ನು ತೋರುವ ಗಾಜಿನ ಕೊಳವೆ, ಇವು ಅಥವಾ ಇವನ್ನು ಜೋಡಿಸಿದ್ದ ರಂಧ್ರಗಳು ಅದರ ಮೊದಲ ಕುರುಹು.

ಎರಡನೆಯದು ಆಕೃತಿ. ಬಂಬವನ್ನು ಅಡ್ಡ ಮಲಗಿಸಿದಂತೆ ಉದ್ದನೆಯ ಉರುಳೆಯೊಳಗೆ ಒಂದೇ ಉರಿಗೊಳವೆ ಇದ್ದರೆ ಅದು ರಿಚರ್ಡ್ ಟ್ರೆವಿಥಿಕ್‌ನಿಂದ ಪ್ರಚಾರಕ್ಕೆ ಬಂದ ಕಾರ್ನಿಶ್ ಬಾಯ್ಲರು. ಜೋಡಿ ಕೊಳವೆಗಳಿದ್ದರೆ ವಿಲಿಯಂ ಫೇರ್‌ಬೈರ್ನ್ ಹಾಗೂ ಜಾನ್ ಹೆದರಿಂಗ್‌ಟನ್ 1844ರಲ್ಲಿ ಪೇಟೆಂಟ್ ಪಡೆದ ಲ್ಯಾಂಕಶೈರ್ ಬಾಯ್ಲರು. ಇದಕ್ಕೆ ವ್ಯತಿರಿಕ್ತವಾಗಿ ನೀರೇ ಕೊಳವೆಗಳಲ್ಲಿ ಹರಿದು ಉರಿ ಹೊರಗಿದ್ದರೆ ಅದು 1867ರ ಬ್ಯಾಬ್‌ಕಾಕ್ ಮತ್ತು ವಿಲ್‌ಕಾಕ್ಸ್ ಪೇಟೆಂಟಿನಿಂದ ಹೆಸರಾದ ವರ್ಗ. ಸಾಲು ರಿವೆಟ್‌ಗಳಿಂದ ಕೂಡಿಸಿದ ತಗಡುಗಳು ಹಳೆಯ ಕಾಲವನ್ನೂ, ಬೆಸುಗೆಯ ಕೀಲುಗಳು ಈಚಿನ ಕಾಲವನ್ನೂ ಸೂಚಿಸುತ್ತವೆ.

ಈ ರೂಪಗಳನ್ನು ಮುಂಬಯಿಯ ಕಾಲಾನುಕ್ರಮಕ್ಕೆ ಹೊಂದಿಸಬೇಕು. ಆವಿಯಂತ್ರದ ‘ಇಂಡಸ್’ ಎಂಬ ಹಡಗನ್ನು ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ ಇಲ್ಲಿ 1833ರಲ್ಲಿ ನೀರಿಗಿಳಿಸಿದರು; 1841ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಮೊದಲ ಭಾರತೀಯ ಫೆಲೋ ಆದರು. ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಸ್ಥಾಪಿಸಿದ ಗಿರಣಿಯು ತಾರ್‌ದೇವದಲ್ಲಿ 1856ರಲ್ಲಿ ಕೆಲಸ ಆರಂಭಿಸಿತು. ಅಲ್ಲಿಂದ ಮುಂದೆ ಆವಿಯೇ ಗಿರಣಿಗಳ ಶಕ್ತಿ. 1915ರಲ್ಲಿ ಖೋಪೋಲಿಯಿಂದ ಟಾಟಾ ಸಂಸ್ಥೆಯ ಜಲವಿದ್ಯುತ್ತು ಬಂದ ಮೇಲೆ ಆವಿ ಎಂಜಿನುಗಳು ಕ್ರಮೇಣ ತೆರೆಮರೆಗೆ ಸರಿದವು. ಆದರೆ ಬಾಯ್ಲರುಗಳು ಉಳಿದವು. ನೂಲಿಗೆ ಗಂಜಿ ಹಾಕಲು, ಬಟ್ಟೆಗೆ ಬಣ್ಣ ಕಟ್ಟಲು ಆವಿ ಬೇಕೇ ಬೇಕಿತ್ತು. ಆದುದರಿಂದ ಎಂಜಿನ್ನಿಲ್ಲದೆ ಬಾಯ್ಲರು ಮಾತ್ರ ಉಳಿದಿರುವುದು ಅಪೂರ್ಣತೆಯ ಗುರುತಲ್ಲ, ಈ ಸ್ಥಿತ್ಯಂತರದ ಗುರುತಾಗಿರಬಹುದು.

ಮೂರನೆಯ ಆಧಾರ ಕಾನೂನಿನದು. ಕಲಕತ್ತೆಯಲ್ಲಿ 1863ರಲ್ಲಿ ಬಾಯ್ಲರು ಸಿಡಿದು ಹಲವರು ಸತ್ತ ಬಳಿಕ ಬಂಗಾಳವು 1864ರಲ್ಲಿ ತಪಾಸಣೆಯ ಕಾನೂನು ಮಾಡಿತು. ದೇಶಕ್ಕೆಲ್ಲ ಒಂದೇ ಕ್ರಮವನ್ನು ತಂದ 1923ರ ಭಾರತೀಯ ಬಾಯ್ಲರು ಅಧಿನಿಯಮವು 1924ರ ಜನವರಿ 1ರಂದು ಜಾರಿಗೆ ಬಂದಿತು; 2025ರಲ್ಲಿ ಹೊಸ ಅಧಿನಿಯಮವು ಅದರ ಸ್ಥಾನವನ್ನು ಪಡೆಯಿತು. ನೋಂದಣಿ ಸಂಖ್ಯೆಯನ್ನು ಬಾಯ್ಲರಿನ ಮೇಲೆ ಶಾಶ್ವತವಾಗಿ ಗುರುತಿಸುವುದನ್ನು 1923ರ ಅಧಿನಿಯಮ ಕಡ್ಡಾಯಗೊಳಿಸಿತ್ತು. ತಯಾರಕರ ಫಲಕ ಕಳೆದುಹೋಗಿದ್ದರೂ ಈ ಸಂಖ್ಯೆ ಸಿಕ್ಕರೆ ಸರಕಾರಿ ದಾಖಲೆಯತ್ತ ದಾರಿ ತೆರೆಯುತ್ತದೆ. ಸಂಖ್ಯೆ ಇಲ್ಲದಿದ್ದರೆ ಆ ಪಾತ್ರೆ 1924ಕ್ಕೆ ಮೊದಲೇ ಕೆಲಸ ನಿಲ್ಲಿಸಿರಬಹುದು, ಬರಿಯ ಬಿಸಿನೀರಿನದಾಗಿರಬಹುದು, ಅಥವಾ ತುಕ್ಕು ಸಂಖ್ಯೆಯನ್ನು ಅಳಿಸಿರಬಹುದು. ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು.

ಕೊನೆಯದಾಗಿ ಸ್ಥಳವೂ ಸಾಕ್ಷಿಯೇ. ಶೀತದೇಶಗಳ ಕೈಪಿಡಿಗಳು ನೆಲಮಾಳಿಗೆಯ ಬಾಯ್ಲರನ್ನು ಕೋಣೆಗಳನ್ನು ಬೆಚ್ಚಗಿಡುವ ಸಾಧನವೆಂದೇ ಭಾವಿಸುತ್ತವೆ. ಮುಂಬಯಿಯ ಹವೆಗೆ ಆ ಊಹೆ ಸಲ್ಲದು. ಇಲ್ಲಿ ಸ್ನಾನಗೃಹ, ಅಡುಗೆಮನೆ, ಬಟ್ಟೆ ಒಗೆಯುವ ಶಾಲೆ ಇಲ್ಲವೆ ಯಂತ್ರಶಾಲೆಯನ್ನು ಹುಡುಕಬೇಕು. 1903ರಲ್ಲಿ ತೆರೆದ ತಾಜ್‌ಮಹಲ್ ಹೋಟೆಲಿನಲ್ಲಿ ಟರ್ಕಿಶ್ ಸ್ನಾನಗೃಹಗಳಿದ್ದುದನ್ನು ಇಲ್ಲಿ ನೆನೆಯಬಹುದು. ಗಿರಣಿಗಳ ದೊಡ್ಡ ಬಾಯ್ಲರುಗಳಾದರೋ ಚಿಮಣಿಯ ಬದಿಯ ಪ್ರತ್ಯೇಕ ಮನೆಯಲ್ಲಿ, ಇಟ್ಟಿಗೆಯ ಗೂಡಿನಲ್ಲಿ ಕುಳಿತಿರುತ್ತಿದ್ದವು. ಲೋಹ ಹೋದರೂ ಹೊಗೆ ಸುತ್ತುತ್ತಿದ್ದ ಇಟ್ಟಿಗೆಯ ಕಾಲುವೆಗಳು ಉಳಿದಿದ್ದರೆ ಬಾಯ್ಲರಿನ ಅಳತೆಯನ್ನು ಅವುಗಳಿಂದಲೇ ತಿಳಿಯಬಹುದು.

1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭೂಮಿಗೆ ಬಂದ ಬೆಲೆ ಯಂತ್ರಕ್ಕೆ ಬರಲಿಲ್ಲ. ಕೆಲವೆಡೆ ಚಿಮಣಿಗಳನ್ನು ಉಳಿಸಲಾಗಿದೆ. ಆದರೆ ಚಿಮಣಿಯು ಹೊಗೆಯ ದಾರಿ ಮಾತ್ರ. ಬೆಂಕಿಯ ಮುಂದೆ ನಿಂತು ಕಲ್ಲಿದ್ದಲು ಎಸೆದವನ ದುಡಿಮೆಯ ತಾಣ ಬಾಯ್ಲರಿನ ಬಾಯಿ. ಅದನ್ನು ಕತ್ತರಿಸುವ ಮೊದಲು ಅಳತೆ, ಛಾಯಾಚಿತ್ರ, ಸಂಖ್ಯೆ ಹಾಗೂ ಇದ್ದ ಜಾಗ, ಈ ನಾಲ್ಕನ್ನಾದರೂ ದಾಖಲಿಸುವುದು ಸಂಶೋಧಕರ ಕನಿಷ್ಠ ಕರ್ತವ್ಯ.