ತಟಸ್ಥ ನೀತಿಯಿಂದ ಮೈತ್ರಿಕೂಟಕ್ಕೆ: ಫಿನ್‌ಲೆಂಡಿನ ರಾಜತಾಂತ್ರಿಕ ನಿಲುವುಗಳ ಒಂದು ಮರುಪರಿಶೀಲನೆ

2023ರ ಏಪ್ರಿಲ್ 4ರಂದು ಫಿನ್‌ಲೆಂಡ್ ನ್ಯಾಟೊ ಮೈತ್ರಿಕೂಟದ 31ನೆಯ ಸದಸ್ಯ ರಾಷ್ಟ್ರವಾಯಿತು. ಸುಮಾರು 1,340 ಕಿಲೋಮೀಟರ್ ಉದ್ದದ ಫಿನ್‌ಲೆಂಡ್-ರಷ್ಯಾ ಗಡಿ ಸೇರಿದ್ದರಿಂದ ರಷ್ಯಾದೊಂದಿಗೆ ಆ ಕೂಟಕ್ಕಿದ್ದ ಭೂಗಡಿ ಒಂದೇ ದಿನದಲ್ಲಿ ಇಮ್ಮಡಿಗೂ ಮೀರಿ ಬೆಳೆಯಿತು. ಈ ನಡೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವರಿಸುತ್ತಾರೆ. ಮುಕ್ಕಾಲು ಶತಮಾನ ತಟಸ್ಥವಾಗಿದ್ದ ದೇಶ ಯುಕ್ರೇನ್ ಯುದ್ಧ ಕಂಡು ಹೆದರಿ ತನ್ನ ಪರಂಪರೆಯನ್ನೇ ಕೈಬಿಟ್ಟಿತು ಎಂಬುದು ಒಂದು ವಿವರಣೆ. ಮಾಸ್ಕೋದ ನೆರಳಿನಲ್ಲಿ ಸಿಲುಕಿದ್ದ ದೇಶ ಕೊನೆಗೂ ತಾನು ಸೇರಬೇಕಾದ ಪಶ್ಚಿಮದ ಬಳಗ ಸೇರಿತು ಎಂಬುದು ಇನ್ನೊಂದು. ಎರಡೂ ಪರಸ್ಪರ ವಿರುದ್ಧವೆಂದು ತೋರಿದರೂ ಒಂದೇ ಗ್ರಹಿಕೆಯ ಮೇಲೆ ನಿಂತಿವೆ: ತಟಸ್ಥ ನೀತಿಯೇ ಫಿನ್‌ಲೆಂಡಿನ ಗುರಿಯಾಗಿತ್ತು, ಅಥವಾ ಅದರ ಸಂಕೋಲೆಯಾಗಿತ್ತು ಎಂಬ ಗ್ರಹಿಕೆ. 1944ರಿಂದ ಇಂದಿನವರೆಗಿನ ನಿರ್ಧಾರಗಳನ್ನು ಒಟ್ಟಾಗಿ ಇಟ್ಟು ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಹೆಲ್ಸಿಂಕಿಯ ಸರ್ಕಾರಗಳು ಕಾಪಾಡಿಕೊಂಡು ಬಂದದ್ದು ತಮ್ಮ ಭದ್ರತೆಯ ಬಗ್ಗೆ ತಾವೇ ನಿರ್ಧರಿಸುವ ಅಧಿಕಾರವನ್ನು. ತಟಸ್ಥ ನೀತಿ, ಪ್ರಾದೇಶಿಕ ಸಹಕಾರ, ಯುರೋಪಿಯನ್ ಒಕ್ಕೂಟ, ನ್ಯಾಟೊ ಇವೆಲ್ಲ ಆ ಅಧಿಕಾರವನ್ನು ಉಳಿಸಿಕೊಳ್ಳಲು ಆಯಾ ಕಾಲದಲ್ಲಿ ಒದಗಿದ ಉಪಕರಣಗಳು. ಈ ವಾದವನ್ನು ಸಾಕ್ಷ್ಯಗಳ ಮೂಲಕ ಸ್ಥಾಪಿಸುವುದು ಮತ್ತು ಅದಕ್ಕೆ ಎದುರಾಗುವ ಆಕ್ಷೇಪಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲ ಸಾಕ್ಷ್ಯ 1948ರ ಏಪ್ರಿಲ್ 6ರ ಸೋವಿಯತ್-ಫಿನ್ನಿಶ್ ಒಪ್ಪಂದ. ಸೋವಿಯತ್ ಒಕ್ಕೂಟದೊಂದಿಗೆ ಎರಡು ಯುದ್ಧಗಳಲ್ಲಿ ಸೋತು, ಕರೇಲಿಯಾದ ಬಹುಭಾಗವನ್ನು ಕಳೆದುಕೊಂಡು, ರಾಜಧಾನಿಯ ಪಕ್ಕದಲ್ಲೇ ಇರುವ ಪೋರ್ಕಲಾ ಪ್ರದೇಶವನ್ನು ಸೋವಿಯತ್ ಸೇನಾನೆಲೆಗೆ ಗುತ್ತಿಗೆ ಕೊಟ್ಟಿದ್ದ ದೇಶವದು. ಆ ವರ್ಷದ ಫೆಬ್ರವರಿಯಲ್ಲಿ ಸ್ಟಾಲಿನ್ ಅಧ್ಯಕ್ಷ ಪಾಸಿಕಿವಿಗೆ ಪತ್ರ ಬರೆದು, ಹಂಗೇರಿ ಮತ್ತು ರುಮೇನಿಯಾಗಳೊಂದಿಗೆ ಮಾಡಿಕೊಂಡಂಥದೇ ಒಪ್ಪಂದವನ್ನು ಮುಂದಿಟ್ಟರು. ಪಾಸಿಕಿವಿ ಅವಸರದಲ್ಲಿ ಉತ್ತರಿಸಲಿಲ್ಲ. ಸಂಸತ್ತಿನ ಪಕ್ಷಗಳ ಅಭಿಪ್ರಾಯ ಕೇಳಿದರು, ತಮ್ಮದೇ ಕರಡನ್ನು ಸಿದ್ಧಪಡಿಸಿಕೊಂಡರು. ಕೊನೆಗೆ ಸಹಿಯಾದ ಪಠ್ಯವನ್ನು ಹತ್ತಿರದಿಂದ ಓದಬೇಕು. ಜರ್ಮನಿ ಅಥವಾ ಅದರ ಮಿತ್ರರಾಷ್ಟ್ರ ಫಿನ್‌ಲೆಂಡಿನ ಮೇಲೆ, ಇಲ್ಲವೇ ಫಿನ್‌ಲೆಂಡಿನ ನೆಲದ ಮೂಲಕ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದರೆ ಮಾತ್ರ ಫಿನ್‌ಲೆಂಡಿನ ಹೊಣೆ ಹುಟ್ಟುತ್ತದೆ. ಅದು ಹೋರಾಡಬೇಕಾದದ್ದು ತನ್ನ ಗಡಿಯೊಳಗೆ ಮಾತ್ರ. ಸೋವಿಯತ್ ನೆರವು ಬರುವುದಾದರೆ ಅದಕ್ಕೆ ಇಬ್ಬರ ಒಪ್ಪಿಗೆ ಬೇಕು. ಮಹಾಶಕ್ತಿಗಳ ಹಿತಾಸಕ್ತಿಗಳ ತಿಕ್ಕಾಟದಿಂದ ಹೊರಗುಳಿಯುವ ಫಿನ್‌ಲೆಂಡಿನ ಬಯಕೆಯನ್ನು ಪೀಠಿಕೆಯಲ್ಲಿ ದಾಖಲಿಸಲಾಯಿತು. ಪೂರ್ವ ಯುರೋಪಿನ ಉಳಿದ ದೇಶಗಳು ಮಾಡಿಕೊಂಡ ಒಪ್ಪಂದಗಳಲ್ಲಿ ಇಂಥ ಮಿತಿಗಳಿರಲಿಲ್ಲ. ಸೋತ ದೇಶವೊಂದು ಗೆದ್ದವನ ಜೊತೆ ಕುಳಿತು, ತನ್ನ ಹೊಣೆಯನ್ನು ಹೀಗೆ ಷರತ್ತು ಷರತ್ತಾಗಿ ಕಿರಿದುಗೊಳಿಸಿದ್ದು ಸಣ್ಣ ಸಾಧನೆಯಲ್ಲ. ತಟಸ್ಥ ನೀತಿ ಇಲ್ಲಿ ಆದರ್ಶವಾಗಿ ಬಂದಿಲ್ಲ, ಇದ್ದ ಇಕ್ಕಟ್ಟಿನಲ್ಲಿ ನಿರ್ಧಾರದ ಅಧಿಕಾರ ಪೂರ್ತಿ ಕೈತಪ್ಪದಂತೆ ಹಾಕಿದ ಬೇಲಿಯಾಗಿ ಬಂದಿದೆ.

ಆ ಬೇಲಿ ಎಷ್ಟು ಗಟ್ಟಿಯಿತ್ತು ಎಂಬುದು ನ್ಯಾಯವಾದ ಪ್ರಶ್ನೆ. 1961ರ ಅಕ್ಟೋಬರ್ 30ರಂದು ಮಾಸ್ಕೋ ಅದೇ ಒಪ್ಪಂದವನ್ನು ಉಲ್ಲೇಖಿಸಿ ಸೇನಾ ಸಮಾಲೋಚನೆಗೆ ಕರೆ ಕಳಿಸಿತು. ಅಧ್ಯಕ್ಷ ಕೆಕ್ಕೊನೆನ್ ನೊವೊಸಿಬಿರ್ಸ್ಕ್‌ಗೆ ಹೋಗಿ ಕ್ರುಶ್ಚೇವ್ ಅವರನ್ನು ಕಂಡು ಸಮಾಲೋಚನೆಯನ್ನು ಮುಂದೂಡಿಸಿದರು. ಅದೇ ಹೊತ್ತಿಗೆ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ಹೊಂಕಾ ಕಣದಿಂದ ಹಿಂದೆ ಸರಿದರು. ಮುಂದಿನ ಎರಡು ದಶಕಗಳಲ್ಲಿ ನೆರೆಯ ದೇಶಕ್ಕೆ ಇರಿಸುಮುರಿಸಾಗುವ ಮಾತುಗಳನ್ನು ಪತ್ರಿಕೆಗಳೂ ಪಕ್ಷಗಳೂ ತಾವಾಗಿಯೇ ನುಂಗಿಕೊಂಡವು. 1973ರಲ್ಲಿ ಚುನಾವಣೆ ನಡೆಸದೆ ವಿಶೇಷ ಕಾನೂನಿನ ಮೂಲಕ ಕೆಕ್ಕೊನೆನ್ ಅವರ ಅವಧಿಯನ್ನು ವಿಸ್ತರಿಸಲಾಯಿತು. ಪಶ್ಚಿಮದ ವಿಮರ್ಶಕರು ‘ಫಿನ್‌ಲಂಡೀಕರಣ’ ಎಂದು ಕರೆದದ್ದು ಇದನ್ನೇ. ಈ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ದೇಶದೊಳಗಿನ ಪ್ರಜಾತಂತ್ರ ನಿಜವಾದ ಬೆಲೆ ತೆತ್ತಿತು. ಆದರೆ ಟೀಕೆ ಗಮನಿಸದೆ ಬಿಟ್ಟ ಇನ್ನೊಂದು ಮಗ್ಗುಲಿದೆ. 1956ರ ಜನವರಿಯಲ್ಲಿ ಪೋರ್ಕಲಾ ಮರಳಿ ಬಂತು. 1961ರಲ್ಲಿ ಐರೋಪ್ಯ ಮುಕ್ತ ವ್ಯಾಪಾರ ಸಂಘದೊಂದಿಗೆ ಸಹಸದಸ್ಯತ್ವ, 1973ರಲ್ಲಿ ಐರೋಪ್ಯ ಆರ್ಥಿಕ ಸಮುದಾಯದೊಂದಿಗೆ ವ್ಯಾಪಾರ ಒಪ್ಪಂದ ಕೈಗೂಡಿದವು. ಮಾಸ್ಕೋದ ಆತಂಕ ತಣಿಸಲು ಅದೇ ವರ್ಷ ಪೂರ್ವ ಯುರೋಪಿನ ಆರ್ಥಿಕ ಕೂಟದೊಂದಿಗೂ ಒಪ್ಪಂದವಾಯಿತು. ಪಶ್ಚಿಮದ ಕಡೆಗೆ ಇಟ್ಟ ಪ್ರತಿ ಹೆಜ್ಜೆಗೂ ಪೂರ್ವದಲ್ಲಿ ಸುಂಕ ಕಟ್ಟುತ್ತ, ಹೆಜ್ಜೆಯನ್ನು ಮಾತ್ರ ಹಿಂದೆಗೆಯದೆ ನಡೆದದ್ದು ಈ ಕಾಲದ ವೈಶಿಷ್ಟ್ಯ.

ಪ್ರಾದೇಶಿಕ ಮತ್ತು ಅಂತರರಾಷ್ಟ್ರೀಯ ಸಹಕಾರದ ಅರ್ಥ ಈ ಹಿನ್ನೆಲೆಯಲ್ಲಿ ತಿಳಿಯಾಗುತ್ತದೆ. 1955ರಲ್ಲಿ ಫಿನ್‌ಲೆಂಡ್ ನಾರ್ಡಿಕ್ ಮಂಡಳಿಯನ್ನು ಸೇರಿತು. ಮಹಾಶಕ್ತಿಗಳ ವ್ಯಾಜ್ಯದ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ ಎಂಬ ಷರತ್ತು ಹಾಕಿಯೇ ಸೇರಿತು. ಅದೇ ವರ್ಷ ವಿಶ್ವಸಂಸ್ಥೆಯ ಸದಸ್ಯತ್ವ ಸಿಕ್ಕಿತು, ಮರುವರ್ಷವೇ ಸೂಯೆಜ್‌ಗೆ ಶಾಂತಿಪಾಲನಾ ತುಕಡಿ ಹೊರಟಿತು. ಸೈಪ್ರಸ್ ಪ್ರಕರಣ ಕನ್ನಡ ಓದುಗರಿಗೆ ಅಪರಿಚಿತವಲ್ಲ. ಅಲ್ಲಿನ ವಿಶ್ವಸಂಸ್ಥೆ ಪಡೆಯ ದಂಡನಾಯಕರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯ 1965ರ ಡಿಸೆಂಬರ್‌ನಲ್ಲಿ ಆ ದ್ವೀಪದಲ್ಲೇ ತೀರಿಕೊಂಡರು. ಹಂಗಾಮಿ ವ್ಯವಸ್ಥೆಯ ನಂತರ 1966ರಲ್ಲಿ ಆ ಸ್ಥಾನಕ್ಕೆ ಬಂದವರು ಫಿನ್‌ಲೆಂಡಿನ ಜನರಲ್ ಮಾರ್ಟೊಲಾ. ಅಲಿಪ್ತ ಭಾರತ ಮತ್ತು ತಟಸ್ಥ ಫಿನ್‌ಲೆಂಡ್ ಎರಡರ ಅಧಿಕಾರಿಗಳನ್ನೂ ಗ್ರೀಕರೂ ತುರ್ಕರೂ ಒಪ್ಪಬಹುದಾಗಿತ್ತು. ಆದರೆ ಎರಡು ದೇಶಗಳ ಸ್ಥಿತಿ ಒಂದೇ ಅಲ್ಲ. ಭಾರತಕ್ಕೆ ಅಲಿಪ್ತ ನೀತಿ ಹೊಸ ಸ್ವಾತಂತ್ರ್ಯದ ಅಭಿವ್ಯಕ್ತಿಯಾಗಿತ್ತು. ಅದನ್ನು ಪ್ರಶ್ನಿಸುವ ಒಪ್ಪಂದ ಯಾವುದೂ ಅದರ ತಲೆಯ ಮೇಲಿರಲಿಲ್ಲ. ಫಿನ್‌ಲೆಂಡ್ ತಾನು ತಟಸ್ಥವೆಂಬುದನ್ನು ಜಗತ್ತಿನಿಂದ ಒಪ್ಪಿಸಿಕೊಳ್ಳಬೇಕಾಗಿತ್ತು. ಶಾಂತಿಪಾಲನೆಯ ಪ್ರತಿಯೊಂದು ಕೆಲಸವೂ ಆ ಮನ್ನಣೆಯನ್ನು ಗಟ್ಟಿಮಾಡುತ್ತಿತ್ತು.

ಈ ದಾರಿಯ ಶಿಖರ 1975ರ ಹೆಲ್ಸಿಂಕಿ ಶೃಂಗಸಭೆ. 1969ರ ಮೇ ತಿಂಗಳಲ್ಲಿ ಫಿನ್ನಿಶ್ ಸರ್ಕಾರ ಯುರೋಪಿನ ದೇಶಗಳಿಗೂ ಅಮೆರಿಕ, ಕೆನಡಾಗಳಿಗೂ ಭದ್ರತಾ ಸಮ್ಮೇಳನದ ಆಹ್ವಾನ ಕಳಿಸಿತು. ಅಂಥ ಸಮ್ಮೇಳನ ಸೋವಿಯತ್ ಒಕ್ಕೂಟದ ಹಳೆಯ ಬೇಡಿಕೆಯಾಗಿತ್ತು. ಉತ್ತರ ಅಮೆರಿಕದ ಎರಡು ದೇಶಗಳನ್ನು ಒಳಗೊಂಡೇ ಅದು ನಡೆಯಬೇಕೆಂದು ಫಿನ್‌ಲೆಂಡ್ ಪಟ್ಟು ಹಿಡಿಯಿತು. 1972ರ ನವೆಂಬರ್‌ನಿಂದ ಎಸ್ಪೊ ನಗರದ ದಿಪೊಲಿ ಭವನದಲ್ಲಿ ಪೂರ್ವಸಿದ್ಧತಾ ಮಾತುಕತೆ ನಡೆದು, 1975ರ ಆಗಸ್ಟ್ 1ರಂದು 35 ದೇಶಗಳು ಅಂತಿಮ ದಸ್ತಾವೇಜಿಗೆ ಸಹಿ ಹಾಕಿದವು. ಮಾನವ ಹಕ್ಕುಗಳ ಭಾಗಕ್ಕೆ ಸಿಕ್ಕ ಪ್ರಸಿದ್ಧಿಯ ನಡುವೆ ಮೊದಲನೆಯ ತತ್ತ್ವದ ಒಂದು ವಾಕ್ಯ ಮರೆಗೆ ಸರಿದಿದೆ. ಮೈತ್ರಿ ಒಪ್ಪಂದಗಳಿಗೆ ಸೇರುವ ಅಥವಾ ಸೇರದಿರುವ ಹಕ್ಕು ಪ್ರತಿ ದೇಶಕ್ಕೂ ಇದೆ, ತಟಸ್ಥವಾಗಿರುವ ಹಕ್ಕೂ ಇದೆ ಎನ್ನುತ್ತದೆ ಆ ವಾಕ್ಯ. ತಟಸ್ಥ ಸ್ಥಿತಿಯೂ ಮೈತ್ರಿಯೂ ಅಲ್ಲಿ ಒಂದೇ ಹಕ್ಕಿನ ಎರಡು ಬಳಕೆಗಳಾಗಿ ಅಕ್ಕಪಕ್ಕ ನಿಂತಿವೆ. ಆ ಪಠ್ಯಕ್ಕೆ ಬ್ರೆಝ್ನೇವ್ ಸಹಿ ಇದೆ. ನಲವತ್ತೇಳು ವರ್ಷಗಳ ನಂತರ ಫಿನ್‌ಲೆಂಡ್ ಬಳಸಿದ್ದು ಇದೇ ಹಕ್ಕನ್ನು.

ಶೀತಲ ಸಮರ ಮುಗಿದಾಗಿನ ನಡೆಗಳೂ ಇದೇ ತರ್ಕವನ್ನು ಹಿಡಿದಿವೆ. 1990ರ ಸೆಪ್ಟೆಂಬರ್‌ನಲ್ಲಿ, ಸೋವಿಯತ್ ಒಕ್ಕೂಟ ಇನ್ನೂ ಇದ್ದಾಗಲೇ, 1947ರ ಪ್ಯಾರಿಸ್ ಶಾಂತಿ ಒಪ್ಪಂದ ತನ್ನ ಸೇನೆಯ ಮೇಲೆ ಹೇರಿದ್ದ ನಿರ್ಬಂಧಗಳು ಅಣ್ವಸ್ತ್ರ ನಿಷೇಧವೊಂದನ್ನು ಬಿಟ್ಟು ಉಳಿದವು ಅನ್ವಯಿಸುವುದಿಲ್ಲವೆಂದು ಫಿನ್‌ಲೆಂಡ್ ಏಕಪಕ್ಷೀಯವಾಗಿ ಘೋಷಿಸಿತು. 1992ರಲ್ಲಿ 1948ರ ಒಪ್ಪಂದದ ಜಾಗಕ್ಕೆ ರಷ್ಯಾದೊಂದಿಗೆ ನೆರೆಹೊರೆಯ ಸಾಮಾನ್ಯ ಒಪ್ಪಂದ ಬಂತು, ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದ ಸದಸ್ಯತ್ವಕ್ಕೆ ಅರ್ಜಿ ಹೋಯಿತು. 1995ರಲ್ಲಿ ಸದಸ್ಯತ್ವ ಸಿಕ್ಕಿತು. 1994ರಲ್ಲಿ ನ್ಯಾಟೊದ ಶಾಂತಿಗಾಗಿ ಸಹಭಾಗಿತ್ವ ಕಾರ್ಯಕ್ರಮಕ್ಕೆ ಸೇರಿದ ಫಿನ್‌ಲೆಂಡ್ ಅಲ್ಲಿಗೇ ನಿಂತಿತು. ಅಗತ್ಯ ಬಿದ್ದರೆ ಅರ್ಜಿ ಹಾಕುವ ಅವಕಾಶವನ್ನು ಮಾತ್ರ ಸರ್ಕಾರದ ಭದ್ರತಾ ವರದಿಗಳು ಮತ್ತೆ ಮತ್ತೆ ಬರೆದಿಟ್ಟವು. ಇದರ ಜೊತೆಗೇ ರಷ್ಯಾವನ್ನು ಒಳಗೊಂಡ ಪ್ರಾದೇಶಿಕ ವೇದಿಕೆಗಳಲ್ಲಿ ಅದು ಮುಂಚೂಣಿಯಲ್ಲಿತ್ತು: 1991ರ ರೊವಾನಿಯೆಮಿ ಪರಿಸರ ಒಡಂಬಡಿಕೆ ಆರ್ಕ್ಟಿಕ್ ಮಂಡಳಿಗೆ ತಳಹದಿಯಾಯಿತು, 1997ರಲ್ಲಿ ಪ್ರಧಾನಿ ಲಿಪ್ಪೊನೆನ್ ಮುಂದಿಟ್ಟ ಉತ್ತರ ಆಯಾಮ ಯೋಜನೆಯನ್ನು ಐರೋಪ್ಯ ಒಕ್ಕೂಟ ತನ್ನದಾಗಿಸಿಕೊಂಡಿತು.

ಕಾಗದದ ಮೇಲಿನ ಹಕ್ಕಿಗೆ ನೆಲದ ಮೇಲಿನ ಬಲ ಬೇಕು. ಸ್ವೀಡನ್ 2010ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ನಿಲ್ಲಿಸಿ 2017ರಲ್ಲಿ ಮರಳಿ ತಂದಿತು. ಫಿನ್‌ಲೆಂಡ್ ಅದನ್ನು ಎಂದೂ ಬಿಡಲಿಲ್ಲ. 56 ಲಕ್ಷ ಜನಸಂಖ್ಯೆಯ ದೇಶದ ಯುದ್ಧಕಾಲದ ಸೇನೆ 2.8 ಲಕ್ಷ, ತರಬೇತಿ ಪಡೆದ ಮೀಸಲು ಪಡೆ ಸುಮಾರು 8.7 ಲಕ್ಷ. ಸುಮಾರು 50,500 ರಕ್ಷಣಾ ನೆಲಮಾಳಿಗೆಗಳಲ್ಲಿ 48 ಲಕ್ಷ ಜನರಿಗೆ ಜಾಗವಿದೆ. ಹೆಲ್ಸಿಂಕಿಯ ಮೆರಿಹಾಕಾ ಬಡಾವಣೆಯ ಕೆಳಗೆ ಬಂಡೆ ಕೊರೆದು ಮಾಡಿದ ನೆಲಮಾಳಿಗೆ ಆರು ಸಾವಿರ ಜನರಿಗೆ ಆಶ್ರಯ ಕೊಡಬಲ್ಲದು. ಶಾಂತಿಕಾಲದಲ್ಲಿ ಅಲ್ಲಿ ಚೆಂಡಾಟದ ಅಂಕಣ, ವ್ಯಾಯಾಮಶಾಲೆ, ಮಕ್ಕಳ ಆಟದ ಜಾಗ ಇವೆ. ಸಂಸದರು, ಉದ್ಯಮಿಗಳು, ಪತ್ರಕರ್ತರು, ಸೇನಾಧಿಕಾರಿಗಳು ಒಟ್ಟಿಗೆ ಕುಳಿತು ಕಲಿಯುವ ರಾಷ್ಟ್ರೀಯ ರಕ್ಷಣಾ ತರಗತಿಗಳು 1961ರಿಂದ ನಡೆಯುತ್ತಿವೆ. ರಕ್ಷಣೆಯನ್ನು ಸೇನೆಗೆ ಮಾತ್ರ ಬಿಡದೆ ಇಡೀ ಸಮಾಜದ ಕೆಲಸವಾಗಿಸಿದ ಈ ವ್ಯವಸ್ಥೆ, ತಟಸ್ಥ ನೀತಿಯ ಕಾಲದಲ್ಲೂ ಮೈತ್ರಿಯ ಕಾಲದಲ್ಲೂ ಬದಲಾಗದೆ ಉಳಿದಿದೆ. ಬದಲಾದದ್ದಕ್ಕಿಂತ ಬದಲಾಗದ್ದೇ ಒಂದು ನೀತಿಯ ತಿರುಳನ್ನು ತೋರಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

2021ರ ಡಿಸೆಂಬರ್ 17ರಂದು ರಷ್ಯಾ ಪ್ರಕಟಿಸಿದ ಕರಡು ಒಪ್ಪಂದಗಳು ನ್ಯಾಟೊ ಇನ್ನು ಯಾರನ್ನೂ ಸೇರಿಸಿಕೊಳ್ಳಬಾರದೆಂದು ಕೇಳಿದವು. ಈ ಬೇಡಿಕೆ ಹೆಲ್ಸಿಂಕಿಯಲ್ಲಿ ಯುದ್ಧಕ್ಕೆ ಮೊದಲೇ ಎಚ್ಚರಿಕೆಯ ಗಂಟೆ ಬಾರಿಸಿತ್ತು. 2022ರ ಹೊಸ ವರ್ಷದ ಭಾಷಣದಲ್ಲಿ ಅಧ್ಯಕ್ಷ ನೀನಿಸ್ಟೊ ಫಿನ್‌ಲೆಂಡಿನ ಆಯ್ಕೆಯ ಸ್ವಾತಂತ್ರ್ಯದಲ್ಲಿ ನ್ಯಾಟೊ ಸದಸ್ಯತ್ವವೂ ಸೇರಿದೆ ಎಂದು ಸ್ಪಷ್ಟಪಡಿಸಿದರು. ಆಗಿನ್ನೂ ಅರ್ಜಿ ಹಾಕುವ ಯೋಚನೆ ಸರ್ಕಾರಕ್ಕಿರಲಿಲ್ಲ. ಸದಸ್ಯತ್ವ ಬೇಡವೆಂದು ತಾನಾಗಿ ಹೇಳುವುದಕ್ಕೂ, ಅದು ನಿನಗೆ ನಿಷಿದ್ಧವೆಂದು ಇನ್ನೊಬ್ಬರು ಹೇಳುವುದಕ್ಕೂ ಇರುವ ಅಂತರವೇ ಇಡೀ ಪ್ರಕರಣದ ಕೀಲಿ. ಫೆಬ್ರವರಿ 24ರಂದು ಯುಕ್ರೇನ್ ಮೇಲೆ ರಷ್ಯಾ ನಡೆಸಿದ ದಾಳಿ ಆ ಅಂತರವನ್ನು ಎಲ್ಲರ ಕಣ್ಣಿಗೂ ಕಾಣಿಸಿತು. ಮೇ 17ರಂದು ನ್ಯಾಟೊಗೆ ಅರ್ಜಿ ಹಾಕುವುದನ್ನು ಸಂಸತ್ತು 188–8 ಮತಗಳಿಂದ ಒಪ್ಪಿತು. ಮರುದಿನ ಸ್ವೀಡನ್ ಜೊತೆಗೂಡಿ ಅರ್ಜಿ ಸಲ್ಲಿಕೆಯಾಯಿತು.

ಇದು ಭಯದ ನಿರ್ಧಾರವಲ್ಲವೇ ಎಂಬುದು ಮೊದಲ ಆಕ್ಷೇಪ. ವರ್ಷಗಟ್ಟಲೆ ಮೂರನೆಯ ಒಂದು ಭಾಗವನ್ನೂ ಮುಟ್ಟದಿದ್ದ ಜನಬೆಂಬಲ ಕೆಲವೇ ತಿಂಗಳಲ್ಲಿ ಮುಕ್ಕಾಲು ಭಾಗಕ್ಕೆ ಏರಿದ್ದು ನಿಜ. ಜನಾಭಿಪ್ರಾಯದಲ್ಲಿ ಭಯದ ಪಾಲಿತ್ತು, ಅದಕ್ಕೆ ಕಾರಣವೂ ಇತ್ತು. ಆದರೆ ಭಯ ನೀತಿಯಾಗಿ ಮಾರ್ಪಡಲು ಸಿದ್ಧ ದಾರಿ ಬೇಕು. ಸೇನೆ ಆಗಲೇ ನ್ಯಾಟೊ ಮಾನದಂಡಗಳಿಗೆ ಹೊಂದಿಕೊಂಡಿತ್ತು. 64 ಎಫ್-35 ಯುದ್ಧವಿಮಾನಗಳನ್ನು ಕೊಳ್ಳುವ ನಿರ್ಧಾರ ರಷ್ಯಾದ ಕರಡುಗಳಿಗಿಂತ ಮುಂಚೆಯೇ ಆಗಿತ್ತು. ಅರ್ಜಿಯ ಅವಕಾಶ ದಶಕಗಳಿಂದ ಅಧಿಕೃತ ಕಡತಗಳಲ್ಲಿತ್ತು. ಸರ್ಕಾರದ ವರದಿ, ಸಂಸದೀಯ ಸಮಿತಿಗಳು, ಸದನದ ಚರ್ಚೆ ಎಂಬ ಕ್ರಮ ತಪ್ಪಲಿಲ್ಲ. ಕೂಟ ಸೇರಿದ ಮೇಲೆ ಸ್ವಾತಂತ್ರ್ಯ ಉಳಿಯಿತೇ ಎಂಬುದು ಎರಡನೆಯ ಆಕ್ಷೇಪ. ಟರ್ಕಿ ಮತ್ತು ಹಂಗೇರಿಗಳ ಒಪ್ಪಿಗೆಗಾಗಿ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಹಿಯಾದ ರಕ್ಷಣಾ ಸಹಕಾರ ಒಪ್ಪಂದ ಅಮೆರಿಕದ ಪಡೆಗಳಿಗೆ ಫಿನ್ನಿಶ್ ನೆಲೆಗಳನ್ನು ತೆರೆಯಿತು. ಅವಲಂಬನೆ ಇಲ್ಲಿ ಇದ್ದೇ ಇದೆ. ಆದರೆ ಈ ಕೂಟದಲ್ಲಿ ತೀರ್ಮಾನಗಳು ಸರ್ವಾನುಮತದಿಂದ ಆಗುತ್ತವೆ ಮತ್ತು ಹೊರನಡೆಯುವ ದಾರಿ ಒಡಂಬಡಿಕೆಯಲ್ಲೇ ಇದೆ. 1961ರ ಸೋವಿಯತ್ ಪತ್ರದ ಮುಂದೆ ಫಿನ್‌ಲೆಂಡಿಗೆ ಇವೆರಡೂ ಇರಲಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಭಾರವಾದದ್ದು: ಪೂರ್ವ-ಪಶ್ಚಿಮಗಳನ್ನು ಒಂದೇ ಮೇಜಿಗೆ ಕರೆದಿದ್ದ ದೇಶ ಈಗ ಗೋಡೆ ಕಟ್ಟುತ್ತಿದೆ. ಬಾಲ್ಟಿಕ್ ಸಮುದ್ರ ರಾಷ್ಟ್ರಗಳ ಮಂಡಳಿಯಿಂದ 2022ರಲ್ಲಿ, ಬ್ಯಾರೆಂಟ್ಸ್ ಮಂಡಳಿಯಿಂದ 2023ರಲ್ಲಿ ರಷ್ಯಾ ಹೊರಬಿತ್ತು. ಆ ಕುಸಿತಕ್ಕೆ ಯುಕ್ರೇನ್ ಮೇಲಿನ ಆಕ್ರಮಣವೇ ಕಾರಣ. ಫಿನ್‌ಲೆಂಡ್ ನ್ಯಾಟೊ ಹೊರಗಿದ್ದರೂ ಅದು ತಪ್ಪುತ್ತಿರಲಿಲ್ಲ. ಆದರೆ ಹೆಲ್ಸಿಂಕಿಯೇ ಉತ್ತರ ಹೇಳಬೇಕಾದ ಕ್ರಮಗಳೂ ಇವೆ. ರಷ್ಯಾ ವಲಸಿಗರನ್ನು ಗಡಿಗೆ ತಳ್ಳುತ್ತಿದೆಯೆಂದು 2023ರ ಕೊನೆಯಲ್ಲಿ ಪೂರ್ವ ಗಡಿಯ ದ್ವಾರಗಳನ್ನು ಮುಚ್ಚಲಾಯಿತು. 2024ರ ಜುಲೈನಲ್ಲಿ, ಆಶ್ರಯ ಕೋರಿ ಬಂದವರನ್ನು ಅರ್ಜಿ ಸ್ವೀಕರಿಸದೆ ಹಿಂದಕ್ಕೆ ಕಳಿಸಲು ಅವಕಾಶ ಕೊಡುವ ತಾತ್ಕಾಲಿಕ ಕಾನೂನು 167–31 ಮತಗಳಿಂದ ಪಾಸಾಯಿತು. 2012ರಲ್ಲಿ ಸೇರಿದ್ದ ನೆಲಬಾಂಬ್ ನಿಷೇಧ ಒಪ್ಪಂದದಿಂದ ಹೊರಬರಲು 2025ರಲ್ಲಿ ಸಂಸತ್ತು ಒಪ್ಪಿತು. ಗಡಿಯಾಚೆಯ ಅಪಾಯ ನಿಜವೇ ಆದರೂ, ಅಂತರರಾಷ್ಟ್ರೀಯ ಕಾನೂನಿನ ಆಸರೆಯಲ್ಲಿ ಬೆಳೆದ ಸಣ್ಣ ದೇಶ ಆ ಕಾನೂನನ್ನು ಸಡಿಲಿಸುವುದು ತನ್ನ ಕಾಲಕೆಳಗಿನ ನೆಲವನ್ನೇ ಅಗೆದಂತೆ. 1948ರ ಷರತ್ತುಗಳು, 1975ರ ತತ್ತ್ವಗಳು ಲಿಖಿತ ನಿಯಮದ ಗೌರವದ ಮೇಲೆಯೇ ನಿಂತಿದ್ದವು.

ಹಾಗಾಗಿ ಫಿನ್‌ಲೆಂಡಿನ ನೀತಿಯನ್ನು ಅಳೆಯುವ ಅಳತೆಗೋಲನ್ನು ಬದಲಿಸಬೇಕು. ಅದು ತಟಸ್ಥವೇ, ಪಶ್ಚಿಮದ ಪರವೇ ಎಂಬ ಪ್ರಶ್ನೆಗಿಂತ, ಅದರ ನಿರ್ಧಾರಗಳು ಅದರದೇ ಸಂಸತ್ತಿನಲ್ಲಿ, ಅದರದೇ ಕಾನೂನಿನೊಳಗೆ, ಅದೇ ಒಪ್ಪಿದ ಅಂತರರಾಷ್ಟ್ರೀಯ ನಿಯಮಗಳಿಗೆ ಬದ್ಧವಾಗಿ ಆಗುತ್ತಿವೆಯೇ ಎಂಬುದು ಸರಿಯಾದ ಪ್ರಶ್ನೆ. ಆ ಅಳತೆಯಲ್ಲಿ 2022ರ ಅರ್ಜಿ ಪರಂಪರೆಯ ಮುಂದುವರಿಕೆ. 2024ರ ಗಡಿ ಕಾನೂನು ಪರಂಪರೆಯಿಂದ ಸರಿದ ಹೆಜ್ಜೆ. ಹೆಲ್ಸಿಂಕಿ ದಸ್ತಾವೇಜಿನ ಐವತ್ತನೆಯ ವರ್ಷವಾದ 2025ರಲ್ಲಿ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯ ಅಧ್ಯಕ್ಷತೆ ಫಿನ್‌ಲೆಂಡಿಗೇ ಬಂದಿತ್ತು. ಆ ದಸ್ತಾವೇಜು ಬರೀ ಸ್ಮಾರಕವಾಗಿ ಉಳಿಯಬಾರದೆಂದರೆ, ಮೈತ್ರಿಯನ್ನು ಆರಿಸಿಕೊಳ್ಳುವ ಹಕ್ಕಿಗೆ ಕೊಟ್ಟಷ್ಟೇ ಬೆಲೆಯನ್ನು ಅದರಲ್ಲಿರುವ ಮಾನವ ಹಕ್ಕುಗಳ ಮಾತಿಗೂ ಕೊಡಬೇಕು. ದೊಡ್ಡ ನೆರೆಯವರ ಪಕ್ಕದಲ್ಲಿ ಬಾಳುವ ಎಲ್ಲ ಸಣ್ಣ ದೇಶಗಳಿಗೂ ಫಿನ್‌ಲೆಂಡಿನ ಇತಿಹಾಸ ಕಲಿಸುವ ಪಾಠ ಇದು: ಸ್ವಂತ ನಿರ್ಧಾರದ ಅಧಿಕಾರ ಉಳಿಯಲು ಸಿದ್ಧತೆ ಬೇಕು, ಸಹಕಾರ ಬೇಕು, ಮತ್ತು ಕಾನೂನಿನ ಮೇಲೆ ಇಡೀ ಪ್ರದೇಶಕ್ಕೆ ಇರುವ ನಂಬಿಕೆಯನ್ನು ತಾನೂ ಕಾಯುವ ಶಿಸ್ತು ಬೇಕು.