ಹೆಣ್ಣಾಳು, ಗಂಡಾಳು, ಅಧ್ಯಕ್ಷೆ: ಆರ್ಥಿಕ ನಡವಳಿಕೆ ಮತ್ತು ನಾಯಕತ್ವದಲ್ಲಿ ಲಿಂಗಭೇದದ ಅಧ್ಯಯನ

ದುಡಿಯುವುದು, ಉಳಿಸುವುದು, ಸಾಲ ತರುವುದು, ನಷ್ಟದ ಭಯವಿದ್ದರೂ ಕೈ ಹಾಕುವುದು, ನಾಲ್ಕು ಜನರ ಮುಂದೆ ತೀರ್ಮಾನ ಹೇಳುವುದು ಇವೆಲ್ಲದರಲ್ಲಿ ಹೆಣ್ಣು ಗಂಡಿನ ನಡುವೆ ಕಾಣುವ ವ್ಯತ್ಯಾಸ ಸ್ವಭಾವದ್ದೋ, ಹಕ್ಕು ಕಟ್ಟಳೆಗಳಿಂದ ಹುಟ್ಟಿದ್ದೋ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರ ಗಂಭೀರವಾಗಿ ಕೈಗೆತ್ತಿಕೊಂಡು ಅರ್ಧ ಶತಮಾನ ಕಳೆದಿದೆ. ಇದೇ ಪ್ರಶ್ನೆಗೆ ನೇರವಾಗಿ ತಾಗುವ ಒಂದು ಬರಹ ಅದಕ್ಕೂ ಎಷ್ಟೋ ಮೊದಲು ಬಳ್ಳಾರಿ ಸೀಮೆಯಿಂದ ಹೊರಬಂದಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಆ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದ ಆರಂಭದಲ್ಲಿ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಗೆ ಬಸವಿಯರ ಬಗ್ಗೆ ಬರೆದರು. ದೇವರಿಗೆ ಬಿಟ್ಟ ಹೆಣ್ಣು ಗಂಡಿನ ಅಧಿಕಾರಗಳನ್ನು ಪಡೆಯುತ್ತಾಳೆ ಎಂಬುದನ್ನು ಅವರು ಶೀರ್ಷಿಕೆಯಲ್ಲೇ ಹೇಳಿದ್ದರು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಕುರಿತ ತಮ್ಮ ಸಂಪುಟಗಳಲ್ಲಿ ಆ ವಿವರಗಳನ್ನು ಮತ್ತೆ ಬಳಸಿಕೊಂಡರು.

ಆ ಪದ್ಧತಿಯ ಒಳಗಿನ ಲೆಕ್ಕಾಚಾರ ಆಸ್ತಿಯದು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳಿಗೆ ಮುತ್ತು ಕಟ್ಟಿ ದೇವರಿಗೆ ಬಿಟ್ಟರೆ ಅವಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ. ತಂದೆಯ ಹೊಲಮನೆ ಅವಳಿಗೆ ಬರುತ್ತದೆ, ತಂದೆತಾಯಿಯರ ಕರ್ಮಾಂತರಗಳನ್ನು ಅವಳೇ ಮಾಡುತ್ತಾಳೆ, ಅವಳ ಮಕ್ಕಳು ತವರಿನ ಹೆಸರಿನಲ್ಲೇ ಬೆಳೆಯುತ್ತಾರೆ. ಮಗಳು ಮನೆ ನಡೆಸಲಾರಳು ಎಂಬ ಮಾತು ಇಲ್ಲಿ ಎಲ್ಲೂ ಬರುವುದಿಲ್ಲ. ಮಗಳಾಗಿಯೇ ಉಳಿದರೆ ಆ ಅಧಿಕಾರ ಅವಳಿಗಿಲ್ಲ, ಅಷ್ಟೇ. ಮಗನ ಹಕ್ಕಿಗಾಗಿ ಅವಳು ತೆತ್ತ ಬೆಲೆ ಘೋರವಾದದ್ದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂಥ ಕ್ಷೇತ್ರಗಳಲ್ಲಿ ಬಡ ದಲಿತ ಮನೆಗಳ ಹುಡುಗಿಯರಿಗೆ ಮುತ್ತು ಕಟ್ಟುವುದು 20ನೇ ಶತಮಾನದಲ್ಲೂ ನಡೆಯಿತು. ಬರುಬರುತ್ತಾ ಆಸ್ತಿಯ ಮಾತು ಹಿಂದೆ ಸರಿದು ಶೋಷಣೆಯಷ್ಟೇ ಉಳಿಯಿತು, ಏಕೆಂದರೆ ಆ ಮನೆಗಳಲ್ಲಿ ಕೊಡಲು ಹೊಲವೇ ಇರಲಿಲ್ಲ. ಇದನ್ನು ತಡೆಯಲು ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಲ್ಲಿ ಬಂತು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ದಾಖಲಾದರು. ಬಳ್ಳಾರಿ ಜಿಲ್ಲೆ ಆ ಪಟ್ಟಿಯಲ್ಲಿತ್ತು.

ಆಧುನಿಕ ಅಧ್ಯಯನ ಮೊದಲಾದದ್ದು ಎಣಿಕೆಯಿಂದ. ಎಸ್ತರ್ ಬೋಸೆರುಪ್ 1970ರಲ್ಲಿ ಆರ್ಥಿಕ ಬೆಳವಣಿಗೆಯಲ್ಲಿ ಹೆಣ್ಣಿನ ಪಾತ್ರ ಕುರಿತು ಪುಸ್ತಕ ಬರೆದು, ಹೊಲದಲ್ಲಿ ಅವಳು ಮಾಡುವ ದುಡಿಮೆ ಯಾವ ಲೆಕ್ಕಕ್ಕೂ ಸಿಗುತ್ತಿಲ್ಲವೆಂದು ತೋರಿಸಿದರು. ಭಾರತದಲ್ಲಿ ಮಹಿಳೆಯರ ಸ್ಥಿತಿಗತಿ ಸಮಿತಿಯ ವರದಿ 1974ರಲ್ಲಿ ಬಂತು. ಲೆಕ್ಕಕ್ಕೆ ಸಿಗದ ದುಡಿಮೆ ಈ ಸೀಮೆಯಲ್ಲೂ ಉಂಟು: ಹೂವಿನ ಹಡಗಲಿಯ ಮಲ್ಲಿಗೆಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಆದರೆ ನಸುಕಿನಲ್ಲಿ ಮೊಗ್ಗು ಬಿಡಿಸಿ, ಮನೆಯಲ್ಲಿ ಕೂತು ಮಾಲೆ ಕಟ್ಟುವ ಹೆಂಗಸಿನ ಕೆಲಸ ‘ಮನೆಗೆಲಸ’ದ ಜೊತೆ ಬೆರೆತುಹೋಗುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು.

ಕೂಲಿಯ ಮಾತು ಇನ್ನೂ ನೇರ. ಸಮಾನ ವೇತನ ಕಾಯ್ದೆ 1976ರಲ್ಲೇ ಬಂದರೂ ಹೊಲದಲ್ಲಿ ಗಂಡಾಳಿನ ಕೂಲಿ ಬೇರೆ, ಹೆಣ್ಣಾಳಿನ ಕೂಲಿ ಬೇರೆ. ಇದಕ್ಕೆ ಕೊಡುವ ಕಾರಣವೆಂದರೆ ಕೆಲಸವೇ ಬೇರೆ ಎಂಬುದು: ನೇಗಿಲು ಹೂಡುವುದು ಗಂಡಸಿನದು, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಶೇಂಗಾ ಸುಲಿಯುವುದು ಹೆಂಗಸಿನದು. ದಿನವಿಡೀ ಬಗ್ಗಿ ಕಳೆ ಕೀಳುವುದನ್ನು ‘ಹಗುರ ಕೆಲಸ’ ಎನ್ನುವುದು ಅಳತೆಯ ಮಾತಲ್ಲ, ಪೂರ್ವಗ್ರಹ. ಉದ್ಯೋಗ ಖಾತ್ರಿ ಯೋಜನೆ ಈ ಗೋಡೆಯನ್ನು ಒಂದು ಕಡೆ ಒಡೆಯಿತು. ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಗೆ ಅದು 2006ರಲ್ಲಿ, ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಿಗೆ 2007ರಲ್ಲಿ ಬಂತು. ಅಲ್ಲಿ ಕೂಲಿ ಇಬ್ಬರಿಗೂ ಒಂದೇ. ಕನಿಷ್ಠ ಮೂರನೇ ಒಂದು ಪಾಲು ಕೆಲಸ ಹೆಂಗಸರಿಗೆ ಸಿಗಬೇಕೆಂದು ಕಾಯ್ದೆ ಹೇಳಿದರೆ, ಕರ್ನಾಟಕದಲ್ಲಿ ಅವರ ಪಾಲು ಅರ್ಧದ ಆಸುಪಾಸಿಗೆ ಏರಿತು. ಹೆಂಗಸರು ಹೊರಗಿನ ಕೂಲಿಗೆ ಬರಲು ಒಲ್ಲರು ಎಂಬ ಹಳೆಯ ವಿವರಣೆ ಇಷ್ಟಕ್ಕೇ ಸೋತಿತು.

1990ರ ದಶಕದಲ್ಲಿ ಚರ್ಚೆ ಕೂಲಿಯಿಂದ ಭೂಮಿಗೆ ಹೊರಳಿತು. ಮನೆಯ ಒಳಗಿನ ಮಾತುಕತೆಯಲ್ಲಿ ಹೆಣ್ಣಿನ ತೂಕ ಅವಳ ಹೆಸರಿನಲ್ಲಿರುವ ಜಮೀನಿನಿಂದ ಬದಲಾಗುತ್ತದೆ ಎಂದು ಬೀನಾ ಅಗರ್‌ವಾಲ್ 1994ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅದೇ ವರ್ಷ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಸಿಕ್ಕಿತು. ಕೇಂದ್ರದ ಕಾಯ್ದೆ ಬರಲು 2005ರವರೆಗೆ ಕಾಯಬೇಕಾಯಿತು. ಬಸವಿಯಾಗದೆಯೇ ಮಗಳು ವಾರಸುದಾರಳಾಗುವ ದಾರಿ ಹೀಗೆ ತೆರೆಯಿತು. ಮಹಾರಾಷ್ಟ್ರ ಮತ್ತು ಕರ್ನಾಟಕದ ಮಾಹಿತಿ ಆಧರಿಸಿ ಕ್ಲಾಸ್ ಡೈನಿಂಗರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ, ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೆ ಭೂಮಿ ಸಿಗುವ ಸಂಭವ ಹೆಚ್ಚಿತೆಂದು, ಆದರೆ ಸಮಾನತೆ ಬರಲಿಲ್ಲವೆಂದು ಕಂಡುಕೊಂಡಿತು. ಪಹಣಿ ಬೇರೆಯೇ ಕಥೆ ಹೇಳುತ್ತದೆ: ತವರಿನ ಬಾಂಧವ್ಯ ಕೆಡದಿರಲೆಂದು ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಇಂದಿಗೂ ಬಹಳ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಹೇಮಾ ಸ್ವಾಮಿನಾಥನ್ ಮತ್ತು ಸಂಗಡಿಗರು 2010-11ರಲ್ಲಿ ನಡೆಸಿದ ಆಸ್ತಿ ಸಮೀಕ್ಷೆ, ಯಜಮಾನನೊಬ್ಬನನ್ನೇ ಕೇಳಿ ಮುಗಿಸದೆ ಪ್ರತಿಯೊಬ್ಬರ ಸ್ವತ್ತನ್ನೂ ಬೇರೆ ಬೇರೆಯಾಗಿ ಬರೆದುಕೊಂಡಿತು. ಮನೆಯ ಭೌತಿಕ ಸಂಪತ್ತಿನಲ್ಲಿ ಹೆಣ್ಣಿನ ಪಾಲು ಕರ್ನಾಟಕದಲ್ಲಿ ಶೇ 19. ಹೋಲಿಕೆಗೆ ಎತ್ತಿಕೊಂಡ ಘಾನಾದಲ್ಲಿ ಶೇ 30, ಈಕ್ವೆಡಾರ್‌ನಲ್ಲಿ ಶೇ 52.

ಇದೇ ಹೊತ್ತಿಗೆ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಗಳ ಅಲೆ ಎದ್ದಿತು. ಹೆಂಗಸರು ಅಪಾಯಕ್ಕೆ ಹಿಂಜರಿಯುತ್ತಾರೆ, ಪೈಪೋಟಿಯಿಂದ ದೂರ ಸರಿಯುತ್ತಾರೆ ಎಂಬ ಫಲಿತಾಂಶಗಳು ಒಂದರ ಮೇಲೊಂದು ಬಂದವು. 2009ರಲ್ಲಿ ಯೂರಿ ಗ್ನೀಜಿ ಮತ್ತು ಸಂಗಡಿಗರು ಒಂದೇ ಆಟವನ್ನು ಪೂರ್ವ ಆಫ್ರಿಕಾದ ಮಸಾಯಿಗಳಲ್ಲೂ ಮೇಘಾಲಯದ ಖಾಸಿಗಳಲ್ಲೂ ಆಡಿಸಿದರು. ತಂದೆಯ ವಂಶ ನಡೆಯುವ ಮಸಾಯಿಗಳಲ್ಲಿ ಗಂಡಸರು ಪೈಪೋಟಿಯನ್ನು ಹೆಚ್ಚು ಆರಿಸಿಕೊಂಡರೆ, ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಖಾಸಿಗಳಲ್ಲಿ ಹೆಂಗಸರೇ ಮುಂದಾದರು. ಗಂಡು ಹೆಣ್ಣಿನ ಸರಾಸರಿಗಳ ನಡುವಿನ ಅಂತರಕ್ಕಿಂತ ಗಂಡಸರೊಳಗಿನ, ಹೆಂಗಸರೊಳಗಿನ ವ್ಯತ್ಯಾಸವೇ ದೊಡ್ಡದೆಂದು ಜೂಲಿ ನೆಲ್ಸನ್ ಎಚ್ಚರಿಸಿದರು. ಈ ಎರಡು ಮಾತುಗಳ ನಂತರ ಸ್ವಭಾವದ ವಾದ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ನಾಯಕತ್ವದ ಅಧ್ಯಯನಕ್ಕೆ ಭಾರತದ ಪಂಚಾಯತಿಗಳಷ್ಟು ದೊಡ್ಡ ಕಣ ಬೇರೆಲ್ಲೂ ಸಿಗಲಿಲ್ಲ. ಕರ್ನಾಟಕ ಇಲ್ಲಿ ಮುಂಚೂಣಿಯಲ್ಲಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟಿತು. 1987ರಲ್ಲಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಮತ್ತು 1993ರ ರಾಜ್ಯ ಕಾಯ್ದೆ ಅದನ್ನು ಮೂರನೇ ಒಂದಕ್ಕೆ ಏರಿಸಿದವು. 2010ರಲ್ಲಿ ಅದು ಅರ್ಧವಾಯಿತು.

ಸರದಿಯ ಪ್ರಕಾರ ಬರುವ ಮೀಸಲಾತಿ ಸಂಶೋಧಕರಿಗೆ ತಾನಾಗಿ ಒದಗಿದ ಪ್ರಯೋಗ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರ 2004ರ ಅಧ್ಯಯನ, ಪಶ್ಚಿಮ ಬಂಗಾಳ ಹಾಗೂ ರಾಜಸ್ಥಾನದಲ್ಲಿ ಅಧ್ಯಕ್ಷೆಯರಿದ್ದ ಊರುಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಯಿತೆಂದು ತೋರಿಸಿತು. ಕೊಡ ಹೊತ್ತು ನಡೆದವರಿಗೆ ನೀರಿನ ದೂರ ಗೊತ್ತು. ಲೋರಿ ಬೀಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಮುಖ್ಯವಾದದ್ದು. ಒಂದೇ ಭಾಷಣವನ್ನು ಗಂಡಿನ ದನಿಯಲ್ಲೂ ಹೆಣ್ಣಿನ ದನಿಯಲ್ಲೂ ಬಂಗಾಳದ ಹಳ್ಳಿಗರಿಗೆ ಕೇಳಿಸಿದಾಗ, ಎಂದೂ ಅಧ್ಯಕ್ಷೆಯನ್ನು ಕಾಣದ ಊರಿನ ಗಂಡಸರು ಹೆಣ್ಣುದನಿಗೆ ಕಡಿಮೆ ಅಂಕ ಕೊಟ್ಟರು. ಅಧ್ಯಕ್ಷೆಯ ಆಡಳಿತ ಕಂಡ ಊರುಗಳಲ್ಲಿ ಆ ತಾರತಮ್ಯ ಮಾಯವಾಗಿತ್ತು.

ಇತ್ತ ದಕ್ಷಿಣದಲ್ಲಿ ಎಲ್ಲರ ಬಾಯಲ್ಲಿದ್ದ ದೂರು ‘ಅಧ್ಯಕ್ಷರ ಗಂಡ’ನದು: ಸಹಿ ಹೆಂಡತಿಯದು, ಸಭೆ ಗಂಡನದು. ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ನಾಲ್ಕು ದಕ್ಷಿಣ ರಾಜ್ಯಗಳ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಬರೆದರು. ಮೀಸಲು ಸ್ಥಾನದ ಅಧ್ಯಕ್ಷೆಯರ ಕೆಲಸ ಗಂಡಸರಿಗಿಂತ ಕೆಳಗಿರಲಿಲ್ಲ. ಅನುಭವ ಬಂದಲ್ಲಿ, ಮೇಲ್ಜಾತಿಯ ಹಿಡಿತ ಸಡಿಲವಾಗಿದ್ದಲ್ಲಿ ಅದು ಇನ್ನೂ ಚೆನ್ನಾಗಿತ್ತು. ಗಂಡನ ನೆರಳಿಗಿಂತ ಊರ ಗೌಡಿಕೆಯ ನೆರಳು ದೊಡ್ಡದೆಂಬುದು ಈ ಸೀಮೆಯ ದಲಿತ, ಲಂಬಾಣಿ ಅಧ್ಯಕ್ಷೆಯರಿಗೆ ಹೊಸ ವಿಷಯವೇನಲ್ಲ. ಅನುಭವ ಕೂಡಿಬರುವ ಹೊತ್ತಿಗೆ ಸರದಿ ಮುಗಿದು ಸ್ಥಾನ ಕೈತಪ್ಪುವುದು ವ್ಯವಸ್ಥೆಯ ದೊಡ್ಡ ಕೊರತೆ.

ಹೆಣ್ಣು, ಗಂಡು ಎಂಬ ಎರಡೇ ಕಂಬಸಾಲುಗಳಲ್ಲಿ ಲೆಕ್ಕ ಬರೆಯುವ ಈ ಕ್ಷೇತ್ರ, ಆ ಎರಡಕ್ಕೂ ಸರಿಹೊಂದದ, ದೇವಿಗೆ ಮೀಸಲಾದ ಜೋಗತಿಯರನ್ನು ಇನ್ನೂ ಸರಿಯಾಗಿ ನೋಡಿಲ್ಲ. ಇದೇ ಭಾಗದ ಮರಿಯಮ್ಮನಹಳ್ಳಿಯ ಕಲಾವಿದೆ, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈಚಿನ ಅಧ್ಯಯನಗಳು ಹಣ ಯಾರ ಕೈಗೆ ಸೇರುತ್ತದೆ ಎಂಬುದರ ಬೆನ್ನು ಹತ್ತಿವೆ. ಮಧ್ಯಪ್ರದೇಶದಲ್ಲಿ ಖಾತ್ರಿ ಕೂಲಿಯನ್ನು ಹೆಂಗಸಿನ ಸ್ವಂತ ಖಾತೆಗೆ ಹಾಕಿ, ಖಾತೆ ನಡೆಸುವ ತರಬೇತಿಯನ್ನೂ ಕೊಟ್ಟಾಗ ಅವರು ಹೊರಗೆ ದುಡಿಯುವುದು ಹೆಚ್ಚಿತೆಂದು ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು 2021ರಲ್ಲಿ ವರದಿ ಮಾಡಿದರು. ಕರ್ನಾಟಕದಲ್ಲಿ 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ. ಮನೆಯ ಯಜಮಾನಿ ಯಾರೆಂಬುದನ್ನು ಸರ್ಕಾರಿ ಕಾಗದದ ಮೇಲೆ ಬರೆಯಲೇಬೇಕಾಗಿ ಬಂದದ್ದೂ ಸಣ್ಣ ಬದಲಾವಣೆಯಲ್ಲ.

ಪಂಚಾಯತಿಯ ಮೇಲಿನ ಮೆಟ್ಟಿಲುಗಳಲ್ಲಿ ಮನೆತನದ ಬಲ ಎದ್ದು ಕಾಣುತ್ತದೆ. ಹಿರಿಯ ರಾಜಕಾರಣಿ ಎಂ.ಪಿ. ಪ್ರಕಾಶ್ ಅವರ ಮಗಳು ಲತಾ ಮಲ್ಲಿಕಾರ್ಜುನ್ 2023ರಲ್ಲಿ ಹರಪನಹಳ್ಳಿಯಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದರು. ಹರಪನಹಳ್ಳಿಯೂ ಸೇರಿರುವ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಎರಡೂ ಮುಖ್ಯ ಪಕ್ಷಗಳು ಹೆಂಗಸರನ್ನೇ ನಿಲ್ಲಿಸಿದವು. ಪ್ರಭಾ ಮಲ್ಲಿಕಾರ್ಜುನ್, ಗಾಯತ್ರಿ ಸಿದ್ದೇಶ್ವರ ಇಬ್ಬರೂ ರಾಜಕೀಯ ಕುಟುಂಬದವರು. 2023ರ 106ನೇ ತಿದ್ದುಪಡಿ ಶಾಸನಸಭೆಗಳಲ್ಲಿ ಮೂರನೇ ಒಂದು ಸ್ಥಾನವನ್ನು ಹೆಂಗಸರಿಗೆ ಮೀಸಲಿಟ್ಟಿತು, ಪರಿಶಿಷ್ಟರ ಮೀಸಲು ಕ್ಷೇತ್ರಗಳ ಒಳಗೂ ಅದೇ ಪ್ರಮಾಣ. ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ, ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾಗಿರುವುದರಿಂದ, ಪಂಚಾಯತಿಯಲ್ಲಿ ಆಡಳಿತ ಕಲಿತು ಸರದಿ ಮುಗಿದು ಮನೆಗೆ ಮರಳಿದ ದಲಿತ, ನಾಯಕ ಸಮುದಾಯಗಳ ಹೆಂಗಸರಿಗೆ ಮನೆತನದ ಹೆಸರಿಲ್ಲದೆಯೂ ಮುಂದಿನ ಮೆಟ್ಟಿಲು ಸಿಗುವುದೇ ಎಂಬುದು ಈ ತಿದ್ದುಪಡಿ ಜಾರಿಯಾದ ಮೇಲೆ ಇಲ್ಲಿ ಪರೀಕ್ಷೆಗೆ ಬರಲಿದೆ.