ಎಂ.ಸ್ಟಾಟ್.

ಎಂ.ಸ್ಟಾಟ್. ಎಂಬುದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ (ಐಎಸ್‌ಐ) ಎರಡು ವರ್ಷಗಳ ಸ್ನಾತಕೋತ್ತರ ಪದವಿ. ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪಿಸಿದ ಈ ಸಂಸ್ಥೆಗೆ ಪದವಿ ನೀಡುವ ಅಧಿಕಾರ ದೊರೆತದ್ದು ಸಂಸತ್ತಿನ 1959ರ ಕಾಯ್ದೆಯಿಂದ.

ಪ್ರವೇಶ: ಅಭ್ಯರ್ಥಿಗೆ ಸ್ನಾತಕ ಪದವಿಯ ಜೊತೆಗೆ ಗಣಿತ ಮತ್ತು ಸಂಭವನೀಯತೆಯಲ್ಲಿ ಗಟ್ಟಿ ತಳಹದಿ ಇರಬೇಕು. ಆಯ್ಕೆ ನಡೆಯುವುದು ಲಿಖಿತ ಪರೀಕ್ಷೆ ಹಾಗೂ ಸಂದರ್ಶನದ ಮೂಲಕ. ಪರೀಕ್ಷೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳಷ್ಟೇ ಅಲ್ಲದೆ ವಿವರಣಾತ್ಮಕ ಪ್ರಶ್ನೆಗಳೂ ಇರುವುದರಿಂದ ಸೂತ್ರಗಳ ಕಂಠಪಾಠ ಸಾಲದು. ತರ್ಕವನ್ನು ಹಂತಹಂತವಾಗಿ ಬರೆದು ಸಾಧಿಸುವ ಶಕ್ತಿ ಬೇಕು. ಸಂಸ್ಥೆಯದೇ ಸ್ನಾತಕ ಪದವಿಯಾದ ಬಿ.ಸ್ಟಾಟ್. ಪಡೆದವರಿಗೆ ನಿಯಮಗಳಿಗೆ ಒಳಪಟ್ಟು ನೇರ ಪ್ರವೇಶವಿದೆ.

ವ್ಯಾಸಂಗ: ನಾಲ್ಕು ಸೆಮಿಸ್ಟರ್‌ಗಳು. ವಿದ್ಯಾರ್ಥಿಗಳ ಹಿನ್ನೆಲೆ ಬೇರೆಬೇರೆಯಾದ್ದರಿಂದ ಮೊದಲ ವರ್ಷ ಬಿ.ಸ್ಟಾಟ್. ಪದವೀಧರರಿಗೂ ಇತರರಿಗೂ ಪ್ರತ್ಯೇಕ ಪಠ್ಯಕ್ರಮಗಳಿವೆ. ರೇಖೀಯ ಮಾದರಿ, ಸಂಖ್ಯಾಶಾಸ್ತ್ರೀಯ ಅನುಮಾನ, ಬಹುಚರ ವಿಶ್ಲೇಷಣೆ ಮುಖ್ಯ ವಿಷಯಗಳು; ಎರಡನೆಯ ವರ್ಷ ಐಚ್ಛಿಕ ವಿಷಯಗಳಿಗೆ ಅವಕಾಶ ಹೆಚ್ಚು. ಪದವಿ ಪಡೆಯಲು ನಿಗದಿತ ಕೋರ್ಸ್‌ಗಳೆಲ್ಲದರಲ್ಲೂ ತೇರ್ಗಡೆಯಾಗಬೇಕು.

ಕರ್ನಾಟಕದ ನಂಟು: ಹೂವಿನಹಡಗಲಿಯಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಈ ಸಂಸ್ಥೆಯ ಬೋಧನೆ, ಸಂಶೋಧನೆಗಳಿಗೆ ದಶಕಗಳ ಕಾಲ ದಿಕ್ಕು ತೋರಿದರು. ಅವರ ಹೆಸರಿನ ಕ್ರಾಮೇರ್–ರಾವ್ ಅಸಮತೆ ಇಂದಿಗೂ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳ ಮೂಲಪಾಠ.